ಕುದುರೆ ಕುಂಟಿದ್ದರ ಫಲ

1973ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟದ ದಾರಿಯಲ್ಲಿ ಒಂದು ಕುದುರೆ ಕುಂಟಿತು. ಅದರ ಫಲವನ್ನು ಕೊಲೊರಾಡೊದಲ್ಲಿರುವ ನನ್ನ ಹೆಂಡತಿ ಇವತ್ತಿಗೂ ಅನುಭವಿಸುತ್ತಿದ್ದಾಳೆ.

ಈ ನಂಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಯೆರಾ ನೆವಾಡಾ ಪರ್ವತಗಳಲ್ಲಿ 1955ರಿಂದ ಟೆವಿಸ್ ಕಪ್ ಎಂಬ ಕುದುರೆ ಸವಾರಿಯ ಸ್ಪರ್ಧೆ ನಡೆಯುತ್ತಿದೆ. ನೂರು ಮೈಲಿಯನ್ನು 24 ಗಂಟೆಯೊಳಗೆ ಮುಗಿಸಿದ ಸವಾರನಿಗೆ ಬೆಳ್ಳಿಯ ಬೆಲ್ಟ್ ಬಕಲ್. ಕುದುರೆ ಏರುವವನ ಸೊಂಟಕ್ಕೆ ಅದು ಒಪ್ಪುತ್ತದೆ, ತಕರಾರಿಲ್ಲ. ಗಾರ್ಡಿ ಐನ್ಸ್ಲೀ ಎಂಬವರ ಕುದುರೆ 1973ರಲ್ಲಿ ಅರ್ಧ ದಾರಿಯನ್ನೂ ಮುಟ್ಟದೆ ಕುಂಟಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಮರುವರ್ಷಕ್ಕೆ ಇನ್ನೊಂದು ಕುದುರೆ ನೋಡುತ್ತಿದ್ದರು. ಈ ಪುಣ್ಯಾತ್ಮರು 1974ರಲ್ಲಿ ಕುದುರೆಯೇ ಇಲ್ಲದೆ ಬಂದರು. ಕುದುರೆಗಳ ಜೊತೆ ತಾವೇ ಓಡಿ 23 ಗಂಟೆ 42 ನಿಮಿಷಕ್ಕೆ ನೂರು ಮೈಲಿ ಮುಗಿಸಿದರು. ಅಂದಿನಿಂದ ಕುದುರೆಯ ಕೆಲಸ ಮನುಷ್ಯನ ಹೆಗಲಿಗೆ ಬಂತು. ಕುದುರೆ ಬಿಡುಗಡೆಯಾಯಿತು, ಬಕಲ್ ಉಳಿಯಿತು. ಆ ಬಕಲ್ ಸುತ್ತಾಡಿಕೊಂಡು ಕೊಲೊರಾಡೊದ ಲೆಡ್‌ವಿಲ್ ಎಂಬ ಊರಿಗೆ ಬಂದು, ಅಲ್ಲಿ ಮೊದಲು ಓಡುವವರಿಗೆ, 1994ರಿಂದ ಮೌಂಟನ್ ಬೈಕ್ ತುಳಿಯುವವರಿಗೂ ಸಿಗತೊಡಗಿತು. ಲೆಡ್‌ವಿಲ್‌ಗೆ ಡೆನ್ವರಿನ ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಕುದುರೆಯ ದೋಷ ನಮಗೆ ತಟ್ಟಿದ್ದು ಹೀಗೆ.

ನನ್ನ ಗುರಿ ದೊಡ್ಡದಲ್ಲ. ಲೆಡ್‌ವಿಲ್ ಟ್ರೇಲ್ 100 ಎಂಬ ಈ ಸೈಕಲ್ ಸ್ಪರ್ಧೆಯನ್ನು ಒಂಬತ್ತು ಗಂಟೆಯೊಳಗೆ ಮುಗಿಸಿದವರಿಗೆ ದೊಡ್ಡ ಬಕಲ್, ಹನ್ನೆರಡು ಗಂಟೆಯೊಳಗೆ ಮುಗಿಸಿದವರಿಗೆ ಸಣ್ಣ ಬಕಲ್. ಹನ್ನೆರಡು ದಾಟಿದವರಿಗೆ ಬಕಲ್ ಇಲ್ಲ. ಕೀಗನ್ ಸ್ವೆನ್ಸನ್ 2023ರಲ್ಲಿ ಇದನ್ನು 5 ಗಂಟೆ 43 ನಿಮಿಷದಲ್ಲಿ ಮುಗಿಸಿದರು. ಅವರ ಕಾಲು ಅವರಿಗೆ, ನನ್ನ ಕಾಲು ನನಗೆ. ಹನ್ನೆರಡಕ್ಕೆ ಒಂದು ಸೆಕೆಂಡ್ ಮುಂಚೆ ಬಂದರೆ ನನಗೆ ಸಾಕು. ಇದು ನನ್ನ ವೈಯಕ್ತಿಕ ಗುರಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸಭೆಗಳಲ್ಲಿ ಭಾಷಣ ಮಾಡುವವರು ವೈಯಕ್ತಿಕ ಗುರಿ ಇರಬೇಕು, ಇರಬೇಕು ಎನ್ನುತ್ತಾರೆ. ಅವರು ಬ್ರಹ್ಮಚಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿರಬೇಕು. ಸಂಸಾರಸ್ಥನಿಗೆ ವೈಯಕ್ತಿಕ ಎಂಬುದು ಹಲ್ಲುಜ್ಜುವ ಬ್ರಷ್ಷಿಗೆ ಮುಗಿಯಿತು. ಉಳಿದದ್ದೆಲ್ಲ ಜಂಟಿ ಖಾತೆ.

ಜಂಟಿ ಖಾತೆ ಎಂದದ್ದು ಅಲಂಕಾರಕ್ಕಲ್ಲ. ಇಲ್ಲಿ ಇರುವ ಜಾಗಕ್ಕಿಂತ ತುಳಿಯುತ್ತೇವೆ ಎನ್ನುವವರು ಎಷ್ಟೋ ಹೆಚ್ಚು, ಆದ್ದರಿಂದ ಲಾಟರಿ. ಅರ್ಜಿ ಹಾಕುವಾಗಲೇ ಕಾರ್ಡಿನ ಸಂಖ್ಯೆ ಕೊಟ್ಟಿರಬೇಕು. ಹೆಸರು ಬಂದರೆ ಶುಲ್ಕ ತಾನಾಗಿಯೇ ಕಟ್ ಆಗುತ್ತದೆ. ಸಂಕ್ರಾಂತಿಯ ಆಸುಪಾಸು. ಕನ್ನಡ ಸಂಘದ ಸ್ನೇಹಿತರ ಮನೆಗಳಿಗೆ ಎಳ್ಳು ಬೀರಲು ಹೊರಟಿದ್ದೆವು. ಹೆಂಡತಿಯ ಫೋನು ಟಿಣ್ ಎಂದಿತು. ಬ್ಯಾಂಕಿನ ಸಂದೇಶ. ಹೀಗೆ ನಾನು ಆಯ್ಕೆಯಾದ ಶುಭಸುದ್ದಿ ಮೊದಲು ತಿಳಿದದ್ದು ಅವಳಿಗೆ.

"ರೀ, ಈ ಲೆಡ್‌ವಿಲ್ ಅನ್ನೋದು ಯಾವ ಹೋಟ್ಲು? ಒಂದೇ ಊಟಕ್ಕೆ ಇಷ್ಟಾ?" ಎಂದಳು.

ಹೋಟೆಲಲ್ಲ ಎಂದು ಬಿಡಿಸಿ ಹೇಳಿದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ಹಬ್ಬ. ಅವತ್ತು ಅವಳು ಎಳ್ಳು ಬೆಲ್ಲ ಮುಟ್ಟಲಿಲ್ಲ.

ತಿಪಟೂರಿನಲ್ಲಿರುವ ಅಮ್ಮನಿಗೂ ಫೋನ್ ಮಾಡಿದೆ. ನೂರು ಮೈಲಿ ಸೈಕಲ್ಲು ಎಂದ ಕೂಡಲೇ "ಯಾಕೋ, ಕಾರು ಕೆಟ್ಟೋಯ್ತಾ?" ಎಂದಳು. ಸ್ಪರ್ಧೆಯಮ್ಮಾ ಎಂದೆ. "ಗೆದ್ರೆ ಏನ್ ಕೊಡ್ತಾರೆ?" ನಾನು ಗೆಲ್ಲುವ ಪೈಕಿ ಅಲ್ಲ, ಹೊತ್ತಿಗೆ ಸರಿಯಾಗಿ ಮುಗಿಸಿದರೆ ಬೆಲ್ಟಿಗೆ ಹಾಕುವ ಬಕಲ್ ಕೊಡುತ್ತಾರೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳಿಸಿತು. "ಅದಕ್ಯಾಕೆ ಇಷ್ಟೊಂದು ಒದ್ದಾಡ್ತೀಯ ಮಗಾ? ನಿಮ್ಮಪ್ಪನ ಬೆಲ್ಟು ಬೀರುವಲ್ಲಿ ಹಂಗೇ ಇದೆ. ಬಂದಾಗ ತಗೊಂಡೋಗು."

ಲೆಡ್‌ವಿಲ್ ಹಟಮಾರಿಗಳ ಊರು. 1870ರ ದಶಕದ ಕೊನೆಯಲ್ಲಿ ಬೆಳ್ಳಿ ಸಿಕ್ಕಿ ನೋಡನೋಡುತ್ತ ಬೆಳೆದದ್ದು. ಹೊರೇಸ್ ಟೇಬರ್ ಎಂಬ ದಿನಸಿ ಅಂಗಡಿಯವರು ಬೆಳ್ಳಿ ಹುಡುಕಲು ಹೊರಟ ಇಬ್ಬರಿಗೆ ಪಾಲಿನ ಮಾತಿನ ಮೇಲೆ ಸಾಮಾನು ಕೊಟ್ಟರು. ಅವರಿಗೆ ಬೆಳ್ಳಿ ಸಿಕ್ಕಿತು, ಇವರು ಕುಬೇರರಾದರು. 1893ರಲ್ಲಿ ಬೆಳ್ಳಿಯ ಬೆಲೆ ನೆಲ ಕಚ್ಚಿದಾಗ ಇವರೂ ಜೊತೆಗೆ ಕಚ್ಚಿದರು. ಆಮೇಲೆ ಊರನ್ನು ಸಾಕಿದ್ದು ಪಕ್ಕದ ಕ್ಲೈಮ್ಯಾಕ್ಸ್ ಗಣಿಯ ಮಾಲಿಬ್ಡಿನಮ್, ಉಕ್ಕನ್ನು ಗಟ್ಟಿ ಮಾಡುವ ಲೋಹ. 1980ರ ದಶಕದ ಆರಂಭದಲ್ಲಿ ಆ ಗಣಿಯೂ ಬಾಗಿಲು ಹಾಕಿ ಸಾವಿರಾರು ಜನ ಬೀದಿಗೆ ಬಿದ್ದರು. ಅವರಲ್ಲೊಬ್ಬರು ಕೆನ್ ಕ್ಲೌಬರ್. ಊರು ಉಳಿಯಬೇಕಾದರೆ ಹೊರಗಿನ ಜನ ಬರಬೇಕು. ಬಂದವರು ಅದೇ ದಿನ ವಾಪಸು ಹೋಗದೆ ರಾತ್ರಿ ತಂಗಬೇಕು. ಜನರನ್ನು ತಂಗಿಸುವುದು ಹೇಗೆ? ಏಳಲಾಗದಷ್ಟು ಸುಸ್ತು ಮಾಡಿಸಬೇಕು! 1983ರಲ್ಲಿ ಅವರು ನೂರು ಮೈಲಿಯ ಓಟ ಆರಂಭಿಸಿದರು. ಈ ಎತ್ತರದಲ್ಲಿ ಹೀಗೆ ಓಡಿಸಿದರೆ ಯಾರಾದರೂ ಸತ್ತಾರು ಎಂದು ಆಸ್ಪತ್ರೆಯವರು ಎಚ್ಚರಿಸಿದಾಗ, ಹಾಗಾದರೂ ನಮ್ಮೂರಿಗೆ ಹೆಸರು ಬರುತ್ತದಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ಇಂಥವರು ಹಾಕಿದ ದಾರಿಯಲ್ಲಿ ನಾನು ಸೈಕಲ್ ತುಳಿಯಲು ದುಡ್ಡು ಕಟ್ಟಿದ್ದೆ.

ಎತ್ತರದ ಮಾತು ಬಂತು. ಲೆಡ್‌ವಿಲ್ ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ, ಕರ್ನಾಟಕದ ನೆತ್ತಿ, 1,930 ಮೀಟರ್. ಈ ಸ್ಪರ್ಧೆಯ ಅತಿ ತಗ್ಗಿನ ಜಾಗದಲ್ಲಿ ನಿಂತರೂ ಮುಳ್ಳಯ್ಯನಗಿರಿಯ ತುದಿ ಎಂಟುನೂರು ಮೀಟರಿಗೂ ಹೆಚ್ಚು ಕೆಳಗಿರುತ್ತದೆ. ಅತಿ ಎತ್ತರದ ಜಾಗ ಕೊಲಂಬೈನ್ ಗಣಿಯ ಬಳಿ, ಸುಮಾರು 3,800 ಮೀಟರ್. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ 21ರಷ್ಟೇ ಇದೆ. ಆದರೆ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಒಂದು ಉಸಿರಿಗೆ ದಕ್ಕುವುದು ಸಮುದ್ರತೀರದಲ್ಲಿ ದಕ್ಕುವುದರ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ಇದಕ್ಕೆ ಪ್ರತಿಯಾಗಿ ಒಂದು ಸಣ್ಣ ಸುಖವಿದೆ. ಬೆಂಗಳೂರಿನ ಸೈಕಲ್ ಗೆಳೆಯರು ಭಾನುವಾರ ನಂದಿಬೆಟ್ಟ ಹತ್ತಿ ತುದಿಯಿಂದ ಫೋಟೊ ಕಳಿಸುತ್ತಾರೆ. ನಂದಿ 1,478 ಮೀಟರ್. ಡೆನ್ವರ್ ಊರೇ 1,609 ಮೀಟರ್. ನಾನು ನಮ್ಮ ಅಡುಗೆಮನೆಯಲ್ಲಿ ಬನಿಯನ್ ಹಾಕಿಕೊಂಡು ನಿಂತು ಅವರ ಶಿಖರವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತೇನೆ.

"ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗ ನಾನು ಡೇವ್ ವೀನ್ಸ್ ಅವರನ್ನು ಮುಂದೆ ಮಾಡುತ್ತಿದ್ದೆ. ಕೊಲೊರಾಡೊದ ಗನ್ನಿಸನ್ ಊರಿನವರು. 2003ರಿಂದ 2008ರವರೆಗೆ ಸತತ ಆರು ಸಲ ಲೆಡ್‌ವಿಲ್ ಗೆದ್ದರು. 2007ರಲ್ಲಿ ಅವರ ಹಿಂದೆ ಉಳಿದದ್ದು ಫ್ಲಾಯ್ಡ್ ಲ್ಯಾಂಡಿಸ್, 2008ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಇಬ್ಬರೂ ಟೂರ್ ದ ಫ್ರಾನ್ಸ್‌ನಲ್ಲಿ ಮೊದಲು ಬಂದವರು, ಇಬ್ಬರ ಪಟ್ಟವೂ ಉದ್ದೀಪನ ಮದ್ದಿನ ಕಾರಣಕ್ಕೆ ಹೋಯಿತು. ಅಂಥವರನ್ನು ಸೋಲಿಸಿದಾಗ ವೀನ್ಸ್ ನಲವತ್ತು ದಾಟಿದ್ದರು ಎಂದು ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ಅವರು ಹುಟ್ಟಿದಾಗಿನಿಂದ ಬೆಟ್ಟದಲ್ಲಿ ತುಳಿದಿರ್ತಾರೆ. ನೀವು ತುಳಿದಿದ್ದು ಮಿಲ್ಲಿಗೆ ರಾಗಿ ಬೀಸಿಸೋಕೆ. ಅದೂ ಬರ್ತಾ ತಳ್ಳಿಕೊಂಡು ಬರ್ತಿದ್ರಿ ಅಂತ ಅತ್ತೆ ಹೇಳಿದಾರೆ." ಅತ್ತೆ ಸೊಸೆ ಒಂದಾದರೆ ಚರಿತ್ರೆಯಲ್ಲಿ ಯಾವ ಉದಾಹರಣೆಯೂ ನಿಲ್ಲುವುದಿಲ್ಲ.

ಚಳಿಗಾಲದಲ್ಲಿ ಹೊರಗೆ ಹಿಮ, ತರಬೇತಿ ನೆಲಮಾಳಿಗೆಯಲ್ಲಿ. ಹಿಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಟ್ರೇನರ್ ಎಂಬ ಯಂತ್ರಕ್ಕೆ ಸಿಕ್ಕಿಸಿ ತುಳಿಯುವುದು. ಪರದೆಯ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರ್ ಎಂದು ತೋರಿಸುತ್ತದೆ. ಎಡಗಡೆ ವಾಷಿಂಗ್ ಮೆಷಿನ್, ಬಲಗಡೆ ಅಕ್ಕಿಮೂಟೆ, ಗಂಟೆಗಟ್ಟಲೆ ತುಳಿದರೂ ಎರಡೂ ಇದ್ದಲ್ಲೇ ಇರುತ್ತವೆ. ನನ್ನ ಕಾಲು ಒಂದೇ ಸಮನೆ ಹುಟ್ಟಿಸುವ ಶಕ್ತಿ ಸುಮಾರು 150 ವ್ಯಾಟ್ ಎಂದು ಯಂತ್ರ ಹೇಳಿತು. ಇದನ್ನು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಪ್ರಕಟಿಸಿದೆ. ಹೆಂಡತಿ ಎದ್ದು ಹೋಗಿ, ಊರಿನಿಂದ ತಂದ ವೆಟ್ ಗ್ರೈಂಡರಿನ ಬುಡ ತಿರುಗಿಸಿ ಓದಿದಳು: 150 ವ್ಯಾಟ್. "ಅದಾದ್ರೂ ಮುಕ್ಕಾಲು ಗಂಟೇಲಿ ಹಿಟ್ಟು ರುಬ್ಬಿಕೊಡತ್ತೆ, ರೀ." ಮಾರನೆಯ ವಾರದಿಂದ ಹ್ಯಾಂಡಲ್ಲಿನ ಮೇಲೆ ಒಣಗಲು ಹಾಕಿದ ಟವೆಲ್‌ಗಳು ಕಾಣಿಸಿಕೊಂಡವು. ತುಳಿಯುವಾಗ ತೆಗೆಯಬೇಡಿ, ಗಾಳಿಗೆ ಬೇಗ ಆರುತ್ತವೆ ಎಂಬ ಸೂಚನೆಯೂ ಬಂತು. ಗುರಿಯಲ್ಲಿ ಮನೆಯವರ ಪಾಲು ಹೀಗೆ ಒಂದೊಂದಾಗಿ ಬಿತ್ತು. ಮಗಳು ನನ್ನ ವೇಗವನ್ನೆಲ್ಲ ಲೆಕ್ಕ ಹಾಕಿ, ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಬಂದಿರಬೇಕು ಎಂಬ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದಳು. ದಾರಿಯಲ್ಲಿ ಅಲ್ಲಲ್ಲಿ ಗಡುವುಗಳಿವೆ. ಮೀರಿದವರನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತಾರೆ. ಪಟ್ಟಿಯಲ್ಲಿ ಆ ಜಾಗಗಳಿಗೆ ಕೆಂಪು ಶಾಯಿ. ಅವಳ ಪರೀಕ್ಷೆಯ ಅಂಕಪಟ್ಟಿಗೆ ನಾನು ಸಹಿ ಹಾಕುತ್ತಿದ್ದ ಕಾಲ ಮುಗಿದಿತ್ತು.

ಸಾಮಾನುಗಳ ಮಾತನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರ ರಸೀದಿಗಳು ಇನ್ನೂ ಎಲ್ಲರ ಕೈಗೆ ಸಿಕ್ಕಿಲ್ಲ. ಸೈಕಲ್ಲಿನ ತೂಕ ನೂರು ಗ್ರಾಂ ಇಳಿಸುವ ಕಾರ್ಬನ್ ಬಿಡಿಭಾಗ ಕೊಳ್ಳಲು ಒಂದು ತಿಂಗಳ ದಿನಸಿಯ ದುಡ್ಡು ಬೇಕು. ಒಂದು ಹೋಳಿಗೆ ಬಿಟ್ಟರೂ ಅಷ್ಟೇ ತೂಕ ಇಳಿಯುತ್ತದೆ. ಎರಡರ ನಡುವೆ ನಾನು ಕಾರ್ಬನ್ನನ್ನೇ ಆರಿಸಿದೆ.

ಇನ್ನು ಆಹಾರ. ಇಂಥ ದೀರ್ಘ ಶ್ರಮದಲ್ಲಿ ಗಂಟೆಗೆ 60ರಿಂದ 90 ಗ್ರಾಂ ಶರ್ಕರಪಿಷ್ಟ ಒಳಗೆ ಹೋಗುತ್ತಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಅದಕ್ಕೆಂದೇ ಜೆಲ್ ಎಂಬ ಸಕ್ಕರೆಯ ಅಂಟು ಸಣ್ಣ ಪೊಟ್ಟಣಗಳಲ್ಲಿ ಸಿಗುತ್ತದೆ. ಎರಡು ಗಂಟೆ ಅದನ್ನು ನುಂಗಿದ ಮೇಲೆ ದೇವರ ಪಂಚಾಮೃತವೂ ಬೇಡವೆನಿಸುತ್ತದೆ. ಅಮ್ಮ ಊರಿಂದ ತಂಬಿಟ್ಟು ಕಳಿಸಿದಳು. ಬೆಲ್ಲ, ಹುರಿದ ಅಕ್ಕಿಹಿಟ್ಟು, ಹುರಿಗಡಲೆ, ಕೊಬ್ಬರಿ. ಲೆಕ್ಕ ಹಾಕಿದರೆ ಜೆಲ್ಲಿಗೆ ಯಾವುದರಲ್ಲೂ ಕಡಿಮೆಯಿಲ್ಲ. ತೊಂದರೆ ಒಂದೇ. ಮೂರು ಸಾವಿರ ಮೀಟರಿನಲ್ಲಿ ಬಾಯಿಯನ್ನು ಉಸಿರಿಗೆ ಕೊಟ್ಟುಬಿಟ್ಟಿರುತ್ತೇವೆ. ಅಗಿಯಲು ಬಾಯಿ ಖಾಲಿ ಸಿಗುವುದಿಲ್ಲ. ಒಂದೋ ಉಸಿರಾಡಬೇಕು, ಇಲ್ಲವೇ ತಂಬಿಟ್ಟು ತಿನ್ನಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೋದವನು ಹಿಟ್ಟನ್ನು ಮುಂದಿನವನ ಬೆನ್ನಿಗೆ ಅರ್ಪಿಸುತ್ತಾನೆ.

ಆಗಸ್ಟ್ ತಿಂಗಳ ಶನಿವಾರ. ಬೆಳಗಿನ ಆರೂವರೆಗೆ ಆರನೆಯ ಬೀದಿ ಮತ್ತು ಹ್ಯಾರಿಸನ್ ಅವೆನ್ಯೂ ಕೂಡುವಲ್ಲಿ ಸಾವಿರಕ್ಕೂ ಹೆಚ್ಚು ಜನ ಸೈಕಲ್ ಹಿಡಿದು ನಡುಗುತ್ತಿರುತ್ತಾರೆ. ಆಗಸ್ಟ್ ಆದರೂ ಬೆರಳು ಮರಗಟ್ಟುವ ಚಳಿ. ವೇಗದವರು ಮುಂದೆ, ನನ್ನಂಥವರು ಹಿಂದೆ. ಆರಂಭ ಸೂಚಿಸಲು ಸೀಟಿಯಲ್ಲ, ಕೋವಿ ಹಾರಿಸುತ್ತಾರೆ. ಗಣಿ ಊರಿನ ಪದ್ಧತಿ.

ಮೊದಲ ಏರು ಸೇಂಟ್ ಕೆವಿನ್ಸ್. ಅಲ್ಲಿ ಗಾಂಭೀರ್ಯಕ್ಕಿಂತ ಜನಜಂಗುಳಿ ಹೆಚ್ಚು. ಆಮೇಲೆ ಟರ್ಕಾಯ್ಸ್ ಕೆರೆಯ ದಡ, ಶುಗರ್‌ಲೋಫ್ ಬೆಟ್ಟ, ಅಲ್ಲಿಂದ ಹೈಟೆನ್ಷನ್ ತಂತಿಯ ಸಾಲಿನ ಕೆಳಗೆ ಕಡಿದಾದ ಇಳಿಜಾರು. ಇದರ ಹೆಸರು ಪವರ್‌ಲೈನ್. ಇಳಿಯುವಾಗ ಬ್ರೇಕು ಹಿಡಿದು ಹಿಡಿದು ಕೈ ಸೋಲುತ್ತದೆ. ಆದರೂ ಮನುಷ್ಯ ನಗುತ್ತಾನೆ. ಇದು ಹೋಗಿ ಬರುವ ದಾರಿ, ಸಂಜೆ ಇದನ್ನೇ ಹತ್ತಬೇಕು ಎಂಬುದನ್ನು ಮಿದುಳು ಮುಚ್ಚಿಟ್ಟುಕೊಂಡಿರುತ್ತದೆ.

ನಲವತ್ತನೆಯ ಮೈಲಿಯ ಹತ್ತಿರ ಟ್ವಿನ್ ಲೇಕ್ಸ್ ಅಣೆಕಟ್ಟು. ಮನೆಯವರು ಊಟ ನೀರು ಕೊಡಲು ಕಾದು ನಿಲ್ಲುವ ಜಾಗ. ನೂರಾರು ಡೇರೆ, ನೂರಾರು ಸಂಸಾರ. ಒಂದೊಂದು ಡೇರೆಯಲ್ಲೂ ಒಬ್ಬೊಬ್ಬರ ವೈಯಕ್ತಿಕ ಗುರಿಗಾಗಿ ನಾಲ್ಕೈದು ಜನ ಬಿಸಿಲಲ್ಲಿ ಒಣಗುತ್ತಿದ್ದರು. ಹೆಂಡತಿ ಬಾಟಲಿ ಬದಲಿಸಿದಳು. ಮಗಳು ಪಟ್ಟಿ ನೋಡಿ, "ಆರು ನಿಮಿಷ ಲೇಟು ಅಪ್ಪ. ಮಾತಾಡ್ಬೇಡ, ಹೋಗು" ಎಂದಳು.

ಕೊಲಂಬೈನ್ ಏರಿನಲ್ಲಿ ಒಂಬೈನೂರು ಮೀಟರಿಗೂ ಹೆಚ್ಚು ಮೇಲೇರಬೇಕು. ಮರಗಳು ಮುಗಿದು ಬರಿಯ ಕಲ್ಲು ಶುರುವಾದ ಮೇಲೆ ತುಳಿಯುವವರು ವಿರಳ. ಎಲ್ಲರೂ ಸಾಲಾಗಿ ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ. ಎಷ್ಟು ಸಾವಿರ ಡಾಲರಿನ ಸೈಕಲ್ಲಾದರೂ ಅಲ್ಲಿ ಅದು ಒಂದು ಲಗೇಜು. ಎದುರಿನಿಂದ ಮುಂದಿನವರು ಧೂಳೆಬ್ಬಿಸಿಕೊಂಡು ಇಳಿಯುತ್ತಾರೆ. ನಾನು ತುದಿ ಮುಟ್ಟುವ ಹೊತ್ತಿಗೆ ಮೊದಲಿಗರು ಊರಿನಲ್ಲಿ ಸ್ಪರ್ಧೆ ಮುಗಿಸಿದ್ದರು. ನನಗೆ ಬೇಸರವಾಗಲಿಲ್ಲ. ಅವರಿಗೆ ಆರು ಗಂಟೆಯಲ್ಲಿ ಮುಗಿದುಹೋಯಿತು. ಅದೇ ಶುಲ್ಕಕ್ಕೆ ನನಗೆ ಇನ್ನೂ ಅರ್ಧ ಬಾಕಿಯಿತ್ತು.

ಇಳಿದು ಬರುವಾಗ ಮನಸ್ಸಿನಲ್ಲಿದ್ದದ್ದು ಒಂದೇ: ಮೊಸರನ್ನ, ಜೊತೆಗೆ ಮಿಡಿ ಉಪ್ಪಿನಕಾಯಿ. ಬೆವರಿ ಉಪ್ಪು ಕಳೆದುಕೊಂಡ ದೇಹ ಅದನ್ನು ಹೆಸರು ಹಿಡಿದು ಕೂಗುತ್ತಿತ್ತು. ಟ್ವಿನ್ ಲೇಕ್ಸ್‌ಗೆ ಬಂದರೆ ಡಬ್ಬಿ ಖಾಲಿ. ಪಕ್ಕದ ಡೇರೆಯ ಟೆಕ್ಸಾಸಿನವನೊಬ್ಬ ಹೊಟ್ಟೆ ಕೆಟ್ಟು, ಏನೂ ಒಳಗೆ ನಿಲ್ಲದೆ ಕೂತಿದ್ದನಂತೆ. ನನ್ನ ಹೆಂಡತಿ ಮೊಸರನ್ನ ಕೊಟ್ಟಳಂತೆ. ಅವನು ತಿಂದು, ಎದ್ದು, ನನಗಿಂತ ಇಪ್ಪತ್ತು ನಿಮಿಷ ಮುಂಚೆ ಹೋದನಂತೆ. "ಪಾಪ, ಅವನಿಗೆ ಹನ್ನೆರಡು ಗಂಟೆಯೊಳಗೆ ಮುಗಿಸಬೇಕಂತೆ ರೀ" ಎಂದಳು. ನನಗೆ ಜೆಲ್ ಸಿಕ್ಕಿತು.

ಎಂಬತ್ತನೆಯ ಮೈಲಿ. ಬೆಳಿಗ್ಗೆ ನಗುತ್ತ ಇಳಿದ ಪವರ್‌ಲೈನ್ ಈಗ ಎದುರಿಗೆ ಎದ್ದು ನಿಂತಿತ್ತು. ಬುಡದಲ್ಲಿ ನೂರು ಮೀಟರಿಗೆ ಇಪ್ಪತ್ತು ಮೀಟರಿಗೂ ಮೀರಿದ ಏರು. ಎಲ್ಲರೂ ಇಳಿದರು, ನಾನೂ ಇಳಿದೆ. ಒಬ್ಬ ದಾರಿಯ ಬದಿಯಲ್ಲಿ ಅಂಗಾತ ಮಲಗಿ ಆಕಾಶದೊಡನೆ ಮಾತಾಡುತ್ತಿದ್ದ. ಕರುಣಾಳುಗಳು ಅಲ್ಲಲ್ಲಿ ನಿಂತು ತಣ್ಣನೆಯ ಕೋಕ್ ಕೊಡುತ್ತಿದ್ದರು. ಅವರೆಲ್ಲ ಹೇಳಿದ್ದು ಒಂದೇ ಮಾತು: ಇನ್ನೇನು ಬಂತು. ಈ ಬೆಟ್ಟಕ್ಕೆ ಸುಳ್ಳು ತುದಿಗಳು ಹಲವು. ಒಂದು ಹತ್ತಿದರೆ ಹಿಂದೆ ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿದರೆ "ಇಲ್ಲೇ ಒಂದು ಕೂಗಳತೆ" ಎಂದು ಎರಡು ಹರದಾರಿ ನಡೆಸುವ ಅಜ್ಜಂದಿರ ವಂಶ ಕೊಲೊರಾಡೊದಲ್ಲೂ ಇದೆ. ಗಣಿತವೂ ಕೈಕೊಟ್ಟಿತ್ತು. ಉಳಿದ ಮೈಲಿಯನ್ನು ಕಿಲೋಮೀಟರ್ ಮಾಡಿ, ಉಳಿದ ನಿಮಿಷದಿಂದ ಭಾಗಿಸಲು ಹೊರಟರೆ ಪ್ರತಿ ಸಲವೂ ಬೇರೆ ಉತ್ತರ. ಒಮ್ಮೆ ನಾನು ಆಗಲೇ ಮನೆ ತಲುಪಿದ್ದೇನೆ ಎಂದೂ ಬಂತು. ಹೆಸರಿಗೆ ನೂರು ಮೈಲಿ, ನಿಜದಲ್ಲಿ ಮೂರ್ನಾಲ್ಕು ಮೈಲಿ ಹೆಚ್ಚೇ ಇದೆ. ನಾನು ಕೇಳದ ಕೊಸರು.

ಕೊನೆಯ ರಸ್ತೆಯಲ್ಲಿ ಕೆಂಪು ಹಾಸು ಹಾಸಿದ್ದರು. ಗಡಿಯಾರದಲ್ಲಿ ಹನ್ನೆರಡಕ್ಕೆ ಒಂಬತ್ತು ನಿಮಿಷ ಬಾಕಿ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಂದಳು, ಧೂಳು ಎಂದಳು. ಮಗಳು ಪಟ್ಟಿಯನ್ನು ಮಡಚಿ, "ಒಂದು ಸೆಕೆಂಡ್ ಮುಂಚೆ ಬಂದ್ರೆ ಸಾಕಿತ್ತಲ್ಲಪ್ಪ, ಒಂಬತ್ತು ನಿಮಿಷ ವೇಸ್ಟು" ಎಂದಳು. ಟೆಕ್ಸಾಸಿನವನು ನನ್ನನ್ನು ದಾಟಿಕೊಂಡು ಹೋಗಿ ನನ್ನ ಹೆಂಡತಿಯ ಕೈ ಕುಲುಕಿದ. ಅವನಿಗೂ ಬಕಲ್ ಸಿಕ್ಕಿತ್ತು.

ಬಕಲ್ ಕೈಗೆ ಬರುವುದು ಮರುದಿನ ಬೆಳಿಗ್ಗೆ. ಭಾರವಾಗಿದೆ, ಚೆನ್ನಾಗಿದೆ. ಅಪ್ಪನ ಬೆಲ್ಟಿನ ಅಗಲ ಅದಕ್ಕೆ ಸಾಲದು ಎಂದು ವಿಡಿಯೊದಲ್ಲಿ ನೋಡಿದ ಅಮ್ಮ ತೀರ್ಪು ಕೊಟ್ಟಳು. ಹತ್ತು ಸಲ ಮುಗಿಸಿದವರಿಗೆ ಸಾವಿರ ಮೈಲಿಯ ಬಕಲ್ ಬೇರೆ ಇದೆ. ಇದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಟೆಕ್ಸಾಸಿನವನ ಹೆಂಡತಿ ನನ್ನ ಹೆಂಡತಿಗೆ ಹೇಳಿಬಿಟ್ಟಿದ್ದಾಳೆ. ಆ ವಾರವೇ ಜಂಟಿ ಖಾತೆಯ ಕಾರ್ಡಿನ ಸಂಖ್ಯೆ ಬದಲಾಯಿತು.

ಮುಂದಿನ ವರ್ಷದ ಲಾಟರಿಗೆ ಹೆಸರು ಕೊಡಬೇಕೆಂದಿರುವ ಕನ್ನಡದ ಬಂಧುಗಳು ಯಾರಾದರೂ ಇದ್ದರೆ, ನನ್ನಿಂದ ಇಷ್ಟು ಕೇಳಿಸಿಕೊಳ್ಳಿ. ಅರ್ಜಿಗೆ ನಿಮ್ಮೊಬ್ಬರ ಹೆಸರಿನ ಕಾರ್ಡನ್ನೇ ಕೊಡಿ. ಮೊಸರನ್ನ ಎರಡು ಡಬ್ಬಿ ಮಾಡಿಸಿ, ಒಂದರ ಮೇಲೆ ನಿಮ್ಮ ಹೆಸರು ಬರೆಯಿಸಿ. ಮತ್ತು ನೂರು ಮೈಲಿ ತುಳಿದರೆ ಅವರು ಕೊಡುವುದು ಬಕಲ್ ಮಾತ್ರ; ಬೆಲ್ಟು ನೀವೇ ಕೊಳ್ಳಬೇಕು.